ಹಗುರ ಗಾಡಿಯ ಸಾರಥ್ಯ

ಮೋಟಾರು ವಾಹನವೆಂಬುದು ಮನುಷ್ಯನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಮುಟ್ಟಿಸುವ ಸಾಧನವೆಂದಷ್ಟೇ ಬಗೆಯುವವರಿಗೆ, ಅದನ್ನು ನಡೆಸುವ ಕ್ರಿಯೆಯಲ್ಲಿಯೇ ಒಂದು ರಸವುಂಟೆಂದೂ, ಆ ರಸವು ವಾಹನದ ಬೆಲೆಯೊಡನಾಗಲಿ ಗಾತ್ರದೊಡನಾಗಲಿ ವೃದ್ಧಿಹೊಂದುವುದಿಲ್ಲವೆಂದೂ ಹೇಳಿದರೆ ಅವರು ನಗುವುದು ಸಹಜವೇ ಸರಿ. ಕಲಬುರಗಿಯಲ್ಲಿ ಈ ನಗು ಇನ್ನೂ ಸ್ವಲ್ಪ ದೊಡ್ಡದು. ಏಕೆಂದರೆ ತೊಗರಿ ಕೈಹಿಡಿದ ವರ್ಷ ಇಲ್ಲಿಯ ಮನೆಯ ಮುಂದೆ ಬಂದು ನಿಲ್ಲಬೇಕಾದದ್ದು ಎತ್ತರವೂ ಅಗಲವೂ ಆದ, ದೂರದಿಂದಲೇ ಯಜಮಾನನ ಯೋಗ್ಯತೆಯನ್ನು ಸಾರುವ ಎಸ್‌ಯುವಿಯೇ ಹೊರತು, ಹಿಂಬಾಗಿಲು ಮೇಲಕ್ಕೆ ತೆರೆಯುವ ಒಂದು ಪುಟ್ಟ ಹ್ಯಾಚ್‌ಬ್ಯಾಕ್ ಅಲ್ಲ. ಆದರೂ ಹಳೆಯ ಝೆನ್ ಒಂದನ್ನೋ ಸ್ವಿಫ್ಟ್ ಒಂದನ್ನೋ ಪೋಲೊ ಒಂದನ್ನೋ ಇಟ್ಟುಕೊಂಡು, ಅದರ ಟಯರು, ಬ್ರೇಕು, ಸ್ಪ್ರಿಂಗುಗಳನ್ನು ತಿದ್ದಿ ತೀಡಿ, ರವಿವಾರದ ನಸುಕಿನಲ್ಲಿ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಸುಮ್ಮನೆ ಹೋಗಿ ಬರುವ ಸುಖವನ್ನು ಬಲ್ಲವರು ಈ ಊರಿನಲ್ಲಿಯೂ ಉಂಟು.

ಈ ಸುಖಕ್ಕೊಂದು ವಂಶಾವಳಿ ಇದೆ. ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರು 1959ರಲ್ಲಿ ಹೊರಬಂದಾಗ ಅದು ಬಡಮಧ್ಯಮ ವರ್ಗದ ಮಿತವ್ಯಯದ ವಾಹನವಾಗಿತ್ತಷ್ಟೆ. ಅದರ ಕೂಪರ್ ರೂಪಾಂತರವು ಹಿಮಾವೃತವಾದ ಪರ್ವತಮಾರ್ಗಗಳ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದು, ಬಹುಬಲಶಾಲಿಯಾದ ದೊಡ್ಡ ಕಾರುಗಳನ್ನು ಹಿಂದಿಕ್ಕಿದ ಮೇಲೆ, ಹಗುರತನವೂ ಒಂದು ಬಲವೆಂಬುದು ಜನರ ಕಣ್ಣಿಗೆ ಬಿದ್ದಿತು. ಆಮೇಲೆ ಫೋಕ್ಸ್‌ವ್ಯಾಗನ್ ಸಂಸ್ಥೆಯು ತನ್ನ ಸಾಧಾರಣ ಗಾಲ್ಫ್ ಕಾರಿನೊಳಗೆ 1.6 ಲೀಟರಿನ, 110 ಅಶ್ವಶಕ್ತಿಯ ಎಂಜಿನನ್ನಿಟ್ಟು, ಒಟ್ಟು ತೂಕ ಸುಮಾರು 810 ಕಿಲೋ ಮೀರದಂತೆ ನೋಡಿಕೊಂಡು, 1976ರಲ್ಲಿ ಗಾಲ್ಫ್ ಜಿಟಿಐ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಐದು ಸಾವಿರವನ್ನಷ್ಟೇ ಮಾಡೋಣವೆಂಬ ಸಂಕೋಚದ ಸಂಕಲ್ಪದಿಂದ ಆರಂಭವಾದ ಆ ಮೊದಲ ಪೀಳಿಗೆಯ ಸಂಖ್ಯೆ ಕಡೆಗೆ ನಾಲ್ಕೂವರೆ ಲಕ್ಷವನ್ನು ದಾಟಿತು. ವಾರದ ದಿನಗಳಲ್ಲಿ ಸಂತೆಯ ಚೀಲ ಹೊರುವ, ರಜೆಯ ದಿನ ಬೆಟ್ಟದ ತಿರುವುಗಳಲ್ಲಿ ಒಡೆಯನನ್ನು ನಲಿಸುವ ಈ ದ್ವಿಮುಖ ಜಾತಿಗೆ ಜಗತ್ತು ಹಾಟ್ ಹ್ಯಾಚ್ ಎಂದು ಹೆಸರಿಟ್ಟಿದೆ.

ನಮ್ಮ ದೇಶದಲ್ಲಿ ಈ ಜಾತಿ ಎಂದೂ ಸೊಂಪಾಗಿ ಬೆಳೆಯಲಿಲ್ಲ. 2001ರ ಫಿಯಟ್ ಪಾಲಿಯೊ 1.6, 2017ರ ಬಲೆನೊ ಆರ್‌ಎಸ್, 2018ರ ಟಿಯಾಗೊ ಜೆಟಿಪಿ ಮುಂತಾದವು ಬಂದವು, ಮೆಚ್ಚಿದವರು ಮೆಚ್ಚಿದರು, ಮಾರುಕಟ್ಟೆ ಮಾತ್ರ ಮೈಲೇಜು ಎಷ್ಟೆಂದು ಕೇಳಿ ಮುಂದೆ ನಡೆಯಿತು. ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ತನ್ನ 110 ಅಶ್ವಶಕ್ತಿಯಿಂದಲೂ ಗಟ್ಟಿಯಾದ ಕಾಯದಿಂದಲೂ ಒಂದು ಭಕ್ತವೃಂದವನ್ನೇ ಕಟ್ಟಿಕೊಂಡಿತಾದರೂ 2022ರಲ್ಲಿ ಅದರ ತಯಾರಿಕೆಯೂ ನಿಂತುಹೋಯಿತು. ಸುಜುಕಿಯ ಸ್ವಿಫ್ಟ್ ಸ್ಪೋರ್ಟ್ ಪರದೇಶಗಳಲ್ಲಿ ಕೀರ್ತಿವಂತವಾದರೂ ಅಂಗಡಿಯ ಮೂಲಕ ಇಲ್ಲಿಗೆ ಬರಲೇ ಇಲ್ಲ. ಹೀಗಾಗಿ ಕಲಬುರಗಿಯ ರಸಿಕನಿಗೆ ಉಳಿದ ದಾರಿ ಒಂದೇ: ಸಾಮಾನ್ಯವಾದ ಹಗುರ ಕಾರೊಂದನ್ನು ಕೊಂಡು, ಅದರಲ್ಲಿ ಅಡಗಿರುವ ಚೇತನವನ್ನು ತನ್ನ ಬುದ್ಧಿಯಿಂದಲೂ ಹಣದಿಂದಲೂ ಹೊರತೆಗೆಯುವುದು.

ಇಲ್ಲಿ ಬಹುಮಂದಿ ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತಾರೆ. ನಮ್ಮ ಕಡೆ ಗಾಡಿಯನ್ನು ಹೊಗಳುವ ಮಾತು ‘ಪಿಕಪ್ ಛಲೋ ಅದ’ ಎಂಬುದು. ಆದಕಾರಣ ಸುಧಾರಣೆಯೆಂದೊಡನೆ ಎಂಜಿನಿನ ಬಲವನ್ನು ಹೆಚ್ಚಿಸುವುದೇ ಎಲ್ಲರಿಗೂ ತೋರುವ ಉಪಾಯ. ಬಲವನ್ನು ಬಿಟ್ಟು ಭಾರವನ್ನು ಕುರಿತು ಯೋಚಿಸುವವರು ವಿರಳ. 2018ರಲ್ಲಿ ಬಂದ ಸ್ವಿಫ್ಟ್ ಪೆಟ್ರೋಲ್ ಕಾರಿನ ತೂಕ 855ರಿಂದ 880 ಕಿಲೋ, ಶಕ್ತಿ 83 ಅಶ್ವಶಕ್ತಿ. ಟನ್ನಿಗೆ ಲೆಕ್ಕ ಹಾಕಿದರೆ ಸುಮಾರು 95. ಇದೇ ಪ್ರಮಾಣವನ್ನು 1,700 ಕಿಲೋ ತೂಗುವ ಎಸ್‌ಯುವಿ ಪಡೆಯಬೇಕಾದರೆ ಅದಕ್ಕೆ 160 ಅಶ್ವಶಕ್ತಿ ಬೇಕು. ಅಷ್ಟನ್ನು ಕೊಟ್ಟಮೇಲೂ ಆ ಭಾರವು ನಿಲ್ಲಿಸುವಾಗ ಅಡ್ಡಬರುವುದು: ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ 900 ಕಿಲೋದ ಕಾರನ್ನು ನಿಲ್ಲಿಸಲು ಬ್ರೇಕುಗಳು ಸುಮಾರು 222 ಕಿಲೋಜೂಲ್ ಶಕ್ತಿಯನ್ನು ಶಾಖವಾಗಿ ಪರಿವರ್ತಿಸಿದರೆ ಸಾಕು, 1,600 ಕಿಲೋದ ವಾಹನಕ್ಕೆ ಆ ಹೊರೆ 395 ಕಿಲೋಜೂಲ್. ತಿರುವಿನಲ್ಲಿಯಂತೂ ಈ ನ್ಯಾಯ ಇನ್ನೂ ಸೂಕ್ಷ್ಮವಾದದ್ದು. ಟಯರಿನ ಮೇಲೆ ಬಿದ್ದ ಭಾರ ಇಮ್ಮಡಿಯಾದರೆ ನೆಲದ ಮೇಲಣ ಅದರ ಹಿಡಿತ ಇಮ್ಮಡಿಯಾಗದೆ ಅದಕ್ಕಿಂತ ಕಡಿಮೆಯಾಗಿಯೇ ಹೆಚ್ಚುವುದರಿಂದ, ಸಮಾನವಾದ ಟಯರುಗಳ ಮೇಲೆ ನಿಂತ ಹಗುರ ಕಾರು ತನ್ನ ತೂಕದ ಪ್ರಮಾಣಕ್ಕೆ ಹೆಚ್ಚು ಹಿಡಿತವನ್ನು ಪಡೆದು, ಸ್ಟಿಯರಿಂಗಿನ ಅಲ್ಪ ಚಲನೆಗೂ ಥಟ್ಟನೆ ಓಗೊಡುವುದು. ಮುಂಚಕ್ರಗಳಿಂದ ಎಳೆಯಲ್ಪಡುವ ಪುಟ್ಟ ಕಾರನ್ನು ತಿರುವಿನ ನಡುವೆ ತುಸು ಆಕ್ಸಿಲರೇಟರ್ ಸಡಿಲಿಸಿ ನೋಡಿದವರಿಗೆ, ಭಾರವೆಲ್ಲ ಮುಂದಕ್ಕೆ ಸರಿದು, ಹಿಂಭಾಗ ಹಗುರಾಗಿ, ಮೂತಿಯು ಒಳಮಗ್ಗುಲಿಗೆ ತಾನಾಗಿಯೇ ಬಾಗುವ ಅನುಭವವಾಗಿರುವುದು. ಇದು 60ರ ವೇಗದಲ್ಲಿಯೂ ದೊರೆಯುವ ಆನಂದ. ದೊಡ್ಡ ವಾಹನದಲ್ಲಿ ಇಂಥದನ್ನು ಅರಸಹೊರಟರೆ ಕಾಯಿದೆಯನ್ನೂ ಆಯುಷ್ಯವನ್ನೂ ಒಟ್ಟಿಗೆ ಪಣಕ್ಕಿಡಬೇಕಾದೀತು.

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 50. ಹಳಬರ ಬಾಯಲ್ಲಿ ಅದಿನ್ನೂ 218. ಕಪನೂರಿನ ಕಾರ್ಖಾನೆಗಳನ್ನು ದಾಟಿ, ಮಹಾಗಾಂವ ಕ್ರಾಸನ್ನು ಹಾಯ್ದು, ಬೀದರಿನ ಕೆಂಪುಮಣ್ಣಿನ ಪ್ರಸ್ಥಭೂಮಿಯತ್ತ ಮೆಲ್ಲಗೆ ಏರತೊಡಗುವ ಈ ಮಾರ್ಗವು, ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕದ ಗೌರವ ಪಡೆದ ಕಮಲಾಪುರವನ್ನು ಮುಟ್ಟುವಷ್ಟರಲ್ಲಿ ಕಾರಿನ ಗುಣಾವಗುಣಗಳನ್ನೆಲ್ಲ ಬಯಲಿಗೆಳೆಯಬಲ್ಲದು. ನೇರವಾದ ಹೆದ್ದಾರಿ ಪರೀಕ್ಷಿಸುವುದು ಎಂಜಿನನ್ನು ಮಾತ್ರ, ಅದೂ ಲಾರಿಗಳ ನಡುವೆ. ನಿಜವಾದ ಪರೀಕ್ಷಕರು ಹೆದ್ದಾರಿಯಿಂದ ಎಡಬಲಕ್ಕೆ ಹಳ್ಳಿಗಳತ್ತ ಕವಲೊಡೆಯುವ ಕಿರುದಾರಿಗಳು. ಅವುಗಳ ತಳದಲ್ಲಿರುವ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಬಿರಿಯುವುದು. ವರ್ಷವರ್ಷವೂ ನಡೆಯುವ ಈ ಉಚ್ಛ್ವಾಸ ನಿಃಶ್ವಾಸಗಳಿಂದ ಮೇಲಿನ ಡಾಂಬರು ಅಲೆಅಲೆಯಾಗಿ ಎದ್ದು ನಿಲ್ಲುವುದು. ಚಿತ್ರಗಳಲ್ಲಿ ಕಂಡ ಯುರೋಪಿನ ಕಾರಿನಂತೆ ತನ್ನದೂ ನೆಲಕ್ಕಂಟಿರಲೆಂದು ಸ್ಪ್ರಿಂಗುಗಳನ್ನು ಕುಗ್ಗಿಸಿದವನು ಇಂಥ ಅಲೆಯ ಮೇಲೆ ಮೊದಲ ಸಲ ಹಾರಿಬಿದ್ದಾಗಲೇ, ಸಸ್ಪೆನ್ಷನ್ನಿನ ಚಲನೆ ಮುಗಿದು ರಬ್ಬರಿನ ತಡೆಗೆ ಬಡಿಯುವ ಶಬ್ದವನ್ನು ತನ್ನ ಬೆನ್ನುಮೂಳೆಯಲ್ಲಿ ಕೇಳುವನು. ಈ ಸೀಮೆಗೆ ಬೇಕಾದುದು ಎತ್ತರವನ್ನು ಹಾಗೆಯೇ ಉಳಿಸಿಕೊಂಡು, ಸ್ಪ್ರಿಂಗಿನ ಪುಟಿತವನ್ನು ಒಂದೇ ಏಟಿಗೆ ಅಡಗಿಸುವ ಒಳ್ಳೆಯ ಡ್ಯಾಂಪರುಗಳು. ಇನ್ನು ಪುಷ್ಯ ಮಾಘ ಮಾಸಗಳಲ್ಲಿ ಈ ಒಳದಾರಿಗಳ ಅರ್ಧಭಾಗ ತೊಗರಿ ಜೋಳಗಳ ರಾಶಿಗೆ ಸಲ್ಲತಕ್ಕದ್ದು. ಆಗ ವೇಗವೆಂಬ ಮಾತನ್ನೇ ಮರೆಯಬೇಕು, ಒಣಗಿದ ಹೊಟ್ಟಿನ ಮೇಲೆ ಯಾವ ಟಯರಿಗೂ ಹಿಡಿತವಿಲ್ಲ.

ಬಿಸಿಲಿನ ವಿಷಯವನ್ನು ಹೇಳದೆ ಬಿಡುವಂತಿಲ್ಲ. ವೈಶಾಖದ ಮಧ್ಯಾಹ್ನ ಪಾದರಸ 42 ಡಿಗ್ರಿಗೇರಿದಾಗ ಗಾಳಿಯು 15 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡಾ 9ರಷ್ಟು ತೆಳುವಾಗಿರುವುದು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಊರಾದ್ದರಿಂದ ಇನ್ನೊಂದು ಶೇಕಡಾ 5 ಅಲ್ಲಿಯೇ ಸೋರಿಹೋಗಿರುವುದು. ಟರ್ಬೊ ಇಲ್ಲದ ಎಂಜಿನು ಸೇದುವ ಉಸಿರೇ ಹೀಗೆ ಕ್ಷೀಣವಾಗಿರುವಾಗ, ಮೂಲ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು ಅದರ ಸ್ಥಾನದಲ್ಲಿ ತೆರೆದ ಶಂಕುವಿನಾಕಾರದ ಫಿಲ್ಟರನ್ನು ಕೂರಿಸುವವರನ್ನು ಕಂಡರೆ ನನಗೆ ಸೋಜಿಗವಾಗುತ್ತದೆ. ಮೂಲ ಪೆಟ್ಟಿಗೆ ಹೊರಗಿನ ಗಾಳಿಯನ್ನು ಎಳೆಯುತ್ತಿತ್ತು, ಈ ಶಂಕು ಎಂಜಿನಿನ ಪಕ್ಕದ ಕಾದ ಗಾಳಿಯನ್ನೂ ಅದರೊಡನೆ ಎರೆಭೂಮಿಯ ಧೂಳನ್ನೂ ಎಳೆಯುವುದು. ಶಬ್ದ ಹೆಚ್ಚುವುದು ನಿಜ. ಶಬ್ದವನ್ನೇ ಶಕ್ತಿಯೆಂದು ಭ್ರಮಿಸುವುದು ಈ ಹವ್ಯಾಸದ ಆದಿಪಾಪ.

ಹಾಗಾದರೆ ಹಣವನ್ನು ಎಲ್ಲಿ ವ್ಯಯಿಸಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲು ಟಯರಿಗೆ, ಒಡನೆಯೇ ಬ್ರೇಕಿಗೆ. ಕಾರು ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತಾಣಗಳಲ್ಲಿ ಮಾತ್ರ. ಕೆಳದರ್ಜೆಯ ಸ್ವಿಫ್ಟಿಗೆ ಕಂಪನಿ ಕೊಟ್ಟದ್ದು 165/80 ಆರ್14, ಮೇಲ್ದರ್ಜೆಯದಕ್ಕೆ 185/65 ಆರ್15. ಎರಡರ ವ್ಯಾಸವನ್ನೂ ಲೆಕ್ಕಹಾಕಿ ನೋಡಿದರೆ 620 ಮತ್ತು 622 ಮಿಲಿಮೀಟರ್, ಎಂದರೆ ಸ್ಪೀಡೋಮೀಟರು ಸುಳ್ಳಾಡದಂತೆ ಅಗಲವಾದ ಪಾದವನ್ನು ಪಡೆಯುವ ದಾರಿಯನ್ನು ತಯಾರಕರೇ ತೋರಿಸಿಕೊಟ್ಟಿದ್ದಾರೆ. ಅದನ್ನು ಬಿಟ್ಟು 17 ಅಂಗುಲದ ಭಾರವಾದ ಅಲಾಯ್ ಚಕ್ರಗಳನ್ನು ಹೊರಿಸುವುದು ಓಟಗಾರನಿಗೆ ಕಬ್ಬಿಣದ ಪಾದರಕ್ಷೆ ತೊಡಿಸಿದಂತೆ. ಬ್ರೇಕಿನಲ್ಲಿ ಒಳ್ಳೆಯ ಪ್ಯಾಡುಗಳೂ ಹೊಸ ದ್ರವವೂ ಸಾಕು: ಡಾಟ್ 4 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ಆದರೆ ಅದು ವಾತಾವರಣದ ತೇವವನ್ನು ಹೀರಿ ಹೀರಿ ದುರ್ಬಲವಾಗುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕದ್ದು. ಇಷ್ಟನ್ನೂ ಮಾಡಿದ ಮೇಲೆ ಹಿಂದಿನ ಡಿಕ್ಕಿಯಲ್ಲಿ ವರ್ಷಗಳಿಂದ ಮಲಗಿರುವ ಸಾಮಾನುಗಳನ್ನೂ ದೊಡ್ಡ ಧ್ವನಿಪೆಟ್ಟಿಗೆಯನ್ನೂ ಕೆಳಗಿಳಿಸಿದರೆ, ಕಾಸು ಖರ್ಚಿಲ್ಲದೆ ಕಾರು ಚುರುಕಾಗುವುದು.

ಎಂಜಿನಿನ ಗಣಕಕ್ಕೆ ಹೊಸ ಲೆಕ್ಕಾಚಾರವನ್ನು ಬರೆಯುವ ರೀಮ್ಯಾಪ್ ಎಂಬ ಚಿಕಿತ್ಸೆ ಟರ್ಬೊ ಕಾರುಗಳಲ್ಲಿ ಫಲಕಾರಿಯೇ ಹೌದು. ಪೋಲೊ ಒಡೆಯರು ಅದರ ಮಹಿಮೆಯನ್ನು ಹಾಡುವುದು ಸುಳ್ಳಲ್ಲ. ಟರ್ಬೊ ಇಲ್ಲದ ಎಂಜಿನಿನಲ್ಲಿ ಅದರಿಂದಾಗುವ ಲಾಭ ಅತ್ಯಲ್ಪ. ಹೆಚ್ಚಿದ ಒತ್ತಡಕ್ಕೆ 95 ಆಕ್ಟೇನಿನ ಪೆಟ್ರೋಲು ಬೇಕೆಂಬುದನ್ನು ಮರೆತು, ಅದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲನ್ನೇ ತುಂಬಿಸಿಕೊಂಡು, ಏಪ್ರಿಲ್ ಬಿಸಿಲಿನಲ್ಲಿ ಒಳಗಿನಿಂದ ಬರುವ ಟಕಟಕ ಸದ್ದನ್ನು ಕಡೆಗಣಿಸಿದರೆ ಪಿಸ್ಟನ್ನಿಗೆ ವಿಪತ್ತು.

ಕಾಯಿದೆಯ ಮಾತು ಸ್ವಲ್ಪದರಲ್ಲಿ ಮುಗಿಯುವಂಥದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ದೃಢಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಒಡೆಯನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ. ಎಂಜಿನನ್ನೇ ಬದಲಿಸುವುದು, ಸೈಲೆನ್ಸರ್ ಕಿತ್ತು ಊರನ್ನು ಎಬ್ಬಿಸುವುದು ಇವೆಲ್ಲ ಈ ಬಲೆಯೊಳಗೇ ಬೀಳತಕ್ಕವು. ವಿಮೆಯವರಿಗೆ ತಿಳಿಸದೆ ಮಾಡಿದ ಮಾರ್ಪಾಟು ಅಪಘಾತದ ದಿನ ಪರಿಹಾರಕ್ಕೇ ಅಡ್ಡಿಯಾಗಬಹುದು. ಪ್ಯಾಡು, ಬ್ರೇಕ್ ದ್ರವ, ಕಂಪನಿಯೇ ಒಪ್ಪಿದ ಅಳತೆಯ ಟಯರು, ಇವುಗಳಿಗೆ ಯಾರ ಆಕ್ಷೇಪವೂ ಇಲ್ಲವೆಂಬುದು ಮೇಲೆ ಹೇಳಿದ ಕ್ರಮಕ್ಕೆ ಇನ್ನೊಂದು ಸಮರ್ಥನೆ.

ನಿಜವಾದ ವೇಗವನ್ನೇ ಸವಿಯಬೇಕೆನ್ನುವವರಿಗೆ ಈ ಭಾಗದಲ್ಲಿ ಏರ್ಪಾಡಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಬೇಕು. ರ‍್ಯಾಲಿಯನ್ನು ನೋಡಬೇಕೆಂದರೆ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಿಗೆ. ಅಷ್ಟು ದೂರ ಹೋಗಲಾರದವರು ಹಳೆಯ ಕಾರೊಂದನ್ನು ಕೊಂಡು ನಿಧಾನವಾಗಿ ಪಳಗಿಸುವುದೇ ಲೇಸು. 1993ರಲ್ಲಿ ಬಂದ ಝೆನ್ ಇದಕ್ಕೆ ಇಂದಿಗೂ ಯೋಗ್ಯವಾದ ಪಾತ್ರ. 993 ಸಿಸಿಯ ಅದರ ಎಂಜಿನಿನ ಶಕ್ತಿ ಸುಮಾರು 50 ಅಶ್ವಶಕ್ತಿಯೇ ಆದರೂ ಮುಕ್ಕಾಲು ಟನ್ನಿನಷ್ಟೇ ತೂಗುವ ಆ ದೇಹಕ್ಕೆ ಅದು ಸಾಲದೆನಿಸುವುದಿಲ್ಲ. ಕೊಳ್ಳುವಾಗ ಬಾಗಿಲ ಕೆಳಗಿನ ಅಂಚುಗಳಲ್ಲಿ ತುಕ್ಕನ್ನೂ, ಮುಂಭಾಗದ ಬೆಸುಗೆಗಳಲ್ಲಿ ಹಳೆಯ ಅಪಘಾತದ ಗುರುತನ್ನೂ ಹುಡುಕತಕ್ಕದ್ದು. ಬಿಚ್ಚಿದ ಮೂಲಭಾಗಗಳನ್ನು, ಚಕ್ರಗಳಿಂದ ಹಿಡಿದು ಸ್ಪ್ರಿಂಗುಗಳವರೆಗೆ, ಗುಜರಿಗೆ ಹಾಕದೆ ಮಾಳಿಗೆಯ ಮೇಲೆ ಜೋಪಾನವಾಗಿಡಬೇಕು. ಏಕೆಂದರೆ ಎಷ್ಟೇ ಪ್ರೀತಿಯಿಂದ ತಿದ್ದಿದ ಗಾಡಿಯಾಗಿರಲಿ, ಅದನ್ನು ಮಾರಲು ನಿಂತ ದಿನ ನಮ್ಮ ಊರಿನ ಗಿರಾಕಿ ಬಾನೆಟ್ ಎತ್ತುವ ಮೊದಲೇ ಕೇಳುವ ಪ್ರಶ್ನೆ, ‘ಕಂಪನಿ ಸಾಮಾನ ಎಲ್ಲಾ ಅದಾವೇನ್ರಿ?’