ಬೇಸಿಗೆಯ ಕೊನೆಗೆ ಉಜನಿಯ ಮೀನು

ರೋಹಿಣಿ ಮಳೆಗಾಗಿ ರೈತನು ಮುಗಿಲು ನೋಡುವ ದಿನಗಳಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯವು ತನ್ನ ಒಡಲನ್ನೇ ತೆರೆದು ತೋರಿಸುತ್ತದೆ. ಭೀಮಾ ನದಿಗೆ ಅಡ್ಡಲಾಗಿ 1980ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು ತುಂಬಿದಾಗ ಸುಮಾರು 117 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ, ಹಿನ್ನೀರು ಭಿಗವಣದ ವರೆಗೂ ಹಬ್ಬುತ್ತದೆ. ಆದರೆ ಅದರಲ್ಲಿ ಬಳಕೆಯ ಸಂಗ್ರಹವೆನಿಸುವುದು 53 ಟಿ.ಎಂ.ಸಿ.ಯಷ್ಟು ಮಾತ್ರ, ಉಳಿದುದು ತಳದ ಸಂಗ್ರಹ. ಆ ತಳಕ್ಕೂ ಕೈಹಚ್ಚಿದಾಗ ಪತ್ರಿಕೆಗಳಲ್ಲಿ ನೀರಿನ ಪ್ರಮಾಣವು ‘ವಜಾ’ ಅಂಕಿಗಳಲ್ಲಿ ಅಚ್ಚಾಗುತ್ತದೆ. 2024ರ ಜೂನಿನಲ್ಲಿ ಅದು ವಜಾ 60 ಪ್ರತಿಶತದ ಸಮೀಪಕ್ಕೆ ಇಳಿದಿತ್ತು. ಪಳಸದೇವದ ಹಳೆಯ ಗುಡಿ ನೀರಿನಿಂದ ಎದ್ದು ನಿಲ್ಲುವುದು ಇಂಥ ಬೇಸಿಗೆಗಳಲ್ಲಿಯೇ.

ನಮ್ಮ ವಾಚಕರಲ್ಲಿ ಮೀನು ಮುಟ್ಟದ ಮನೆತನಗಳು ಬಹಳವೆಂಬುದನ್ನು ನಾವು ಬಲ್ಲೆವು. ಆದರೂ ಸೊಲ್ಲಾಪುರದ ಕೊಡ ತುಂಬುವ ನೀರಿನಲ್ಲಿ ಏನು ಜೀವಿಸುತ್ತದೆ, ಹೇಗೆ ಜೀವಿಸುತ್ತದೆ ಎಂಬುದು ಎಲ್ಲರೂ ತಿಳಿಯತಕ್ಕ ಸಂಗತಿಯೇ.

ನೀರು ಕುಗ್ಗಿದಂತೆ ಮೀನುಗಳು ಹಳೆಯ ನದಿಪಾತ್ರದ ಕಡೆಗೆ ಸರಿದು ಒತ್ತೊತ್ತಾಗಿ ನಿಲ್ಲುತ್ತವೆ. ಹಾಗೆಂದು ಅತ್ಯಂತ ಆಳಕ್ಕೆ ಗಾಳ ಬಿಟ್ಟವನಿಗೆ ಏನೂ ದಕ್ಕದು. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಅಲುಗಾಡದ ತಳದ ನೀರಿನಲ್ಲಿ ಇನ್ನೂ ಕಡಿಮೆ. ಸಾಲದುದಕ್ಕೆ ಮುಳಾ-ಮುಠೆಯ ಮೂಲಕ ಪುಣೆಯ ಕೊಳಚೆ ಬಂದು ಸೇರುವುದರಿಂದ ಇಲ್ಲಿ ಹಸಿರು ಪಾಚಿ ಹುಲುಸಾಗಿ ಬೆಳೆಯುತ್ತದೆ. ಪಾಚಿಯು ಹಗಲಿನಲ್ಲಿ ಪ್ರಾಣವಾಯುವನ್ನು ಕೊಡುತ್ತದೆ, ರಾತ್ರಿಯಿಡೀ ತಾನೇ ಅದನ್ನು ಹೀರುತ್ತದೆ. ಆದಕಾರಣ ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುವ ಮೀನು ಆಹಾರಕ್ಕೆ ಬಂದುದಲ್ಲ, ಉಸಿರಿಗೆ ಬಂದುದು. ಅದರ ಮುಂದೆ ಎಂಥ ಎರೆ ತೂಗಿದರೂ ವ್ಯರ್ಥ. ಬಿಸಿಲೇರಿ ಒಂದೆರಡು ತಾಸು ಕಳೆಯಲಿ. ಗಾಳಿ ಬೀಸಿ ತೆರೆಗಳು ಬಡಿಯುವ ದಂಡೆಯನ್ನು ಆರಿಸಿಕೊಳ್ಳಬೇಕು; ಅಲ್ಲಿ ನೀರು ಕಲಕಿ ಗಾಳಿಯೊಡನೆ ಬೆರೆಯುತ್ತಿರುತ್ತದೆ. ತಿಳಿಯಾಗಿ ಶಾಂತವಾಗಿ ಮಲಗಿದ ದಂಡೆ ನೋಡಲಿಕ್ಕಷ್ಟೇ ಚೆಂದ.

ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವಿನಲ್ಲಿ, ಮೃಗಾಲ ತಳದಲ್ಲಿ ಮೇಯುವ ಜಾತಿಗಳು. ಹಿಟ್ಟಿನಲ್ಲಿ ಶೇಂಗಾ ಹಿಂಡಿಯನ್ನು ಕಲಸಿ ಮಾಡಿದ ಉಂಡೆ ಇವಕ್ಕೆ ಪ್ರಿಯ. ಬಾಳೆ ಮೀನು ಮೀನನ್ನೇ ನುಂಗುವ ಜಾತಿ. ಕತ್ತಲಾದ ಮೇಲೆ ಚುರುಕಾಗುತ್ತದೆ. ಇನ್ನು ಪೇಟೆಯಲ್ಲಿ ‘ಚಿಲಾಪಿ’ ಎನಿಸಿಕೊಳ್ಳುವ ತಿಲಾಪಿಯ ಆಫ್ರಿಕದಿಂದ ಬಂದುದು. ಅದರ ಮೊದಲ ಜಾತಿಯನ್ನು ಭಾರತಕ್ಕೆ ತಂದುದು 1952ರಲ್ಲಿ. ದಂಡೆಯ ತೆಳು ನೀರಿನಲ್ಲಿ ಸಣ್ಣ ಕೊಕ್ಕೆಗೆ ಎರೆಹುಳು ಚುಚ್ಚಿದರೆ ಸಾಕು, ಹುಡುಗನ ಕೈಗೂ ಅದು ಸಿಕ್ಕುತ್ತದೆ.

ಗಾಳಿಯ ಸಂಗಡ ಸಲುಗೆ ಬೇಡ. ಈ ಕಾಲದ ಸಂಜೆಯ ಬಿರುಗಾಳಿ ಗಳಿಗೆಯೊಳಗೆ ಏಳುತ್ತದೆ. 2024ರ ಮೇ 21ರಂದು ಕುಗಾಂವದಿಂದ ಕಳಾಶಿಗೆ ಹೊರಟಿದ್ದ ದೋಣಿ ಹೀಗೆಯೇ ಮಗುಚಿ ಆರು ಜೀವಗಳು ಹೋದವು. ಪಡುವಣ ದಿಕ್ಕು ಕಪ್ಪೇರಿದೊಡನೆ ದಂಡೆ ಸೇರತಕ್ಕದ್ದು.

ನಮಗೆ ಮುಖ್ಯವಾಗಿ ಹೇಳಬೇಕೆನಿಸುವ ಮಾತು ಬೇರೆ ಇದೆ. ಮೀನು ಸುಲಭವಾಗಿ ಸಿಗುವ ಈ ವಾರಗಳೇ ಕಾಟ್ಲಾ, ರೋಹುಗಳು ತತ್ತಿ ತುಂಬಿಕೊಂಡಿರುವ ವಾರಗಳು. ಇವು ನಿಂತ ನೀರಿನಲ್ಲಿ ತತ್ತಿಯಿಡುವುದಿಲ್ಲ. ಮುಂಗಾರಿನ ಪ್ರವಾಹ ಬರಬೇಕು, ಕೆಂಪು ನೀರು ಹರಿಯಬೇಕು. ಒಂದು ಕಿಲೋ ತೂಗುವ ತಾಯಿ ರೋಹುವಿನ ಒಡಲಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ತತ್ತಿಗಳಿರುತ್ತವೆ. ತಿಲಾಪಿಯಕ್ಕೆ ಪ್ರವಾಹದ ಹಂಗಿಲ್ಲ. ನಿಂತ ನೀರಿನಲ್ಲಿಯೇ ವರ್ಷಕ್ಕೆ ಹಲವು ಬಾರಿ ಮರಿ ಮಾಡಿ, ತತ್ತಿಯನ್ನು ಬಾಯಿಯಲ್ಲಿಟ್ಟುಕೊಂಡು ಕಾಯುತ್ತದೆ. ಮೇ ತಿಂಗಳಿನಲ್ಲಿ ತಾಯಿಮೀನನ್ನು ಎತ್ತಿದಷ್ಟೂ ಕೆರೆಯು ತಿಲಾಪಿಯದ ಪಾಲಾಗುತ್ತದೆ. ಬಲೆಯೇ ಹೊಟ್ಟೆಪಾಡಾದ ಬಡವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. ಅವರ ಬೇಸಿಗೆಯ ಕೂಲಿಗೆ ಸರಕಾರವೇ ದಾರಿ ಹುಡುಕಬೇಕು. ಆದರೆ ರವಿವಾರದ ವಿನೋದಕ್ಕೆಂದು, ಅಪ್ಪಣೆ ಪಡೆದು ಗಾಳ ಹಿಡಿದು ಹೋಗುವವರು ತಿಲಾಪಿಯವನ್ನು ಬೇಕಾದಷ್ಟು ತರಲಿ. ಹೊಟ್ಟೆ ಉಬ್ಬಿ ಮೆತ್ತಗಾದ ಕಾಟ್ಲಾ, ರೋಹು ಸಿಕ್ಕರೆ ಕೈ ಒದ್ದೆ ಮಾಡಿಕೊಂಡೇ ಹಿಡಿದು, ಕೊಕ್ಕೆ ಬಿಡಿಸಿ, ನೀರಿನೊಳಗೇ ಆನಿಸಿ ಹಿಡಿದು, ಅದು ತಾನಾಗಿ ಬಾಲ ಬೀಸುವ ವರೆಗೆ ಕಾದು ಬಿಡಬೇಕು. ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ಮೀನಿಗೆ ರೋಗ ತಗಲುತ್ತದೆ.

ಮೇಲಿನಿಂದ ಮೊದಲ ಹೊಸ ನೀರು ಬಂದ ದಿನ ಈ ಮೀನುಗಳು ಹರಿವಿಗೆ ಎದುರಾಗಿ, ಬೆನ್ನು ಕಾಣುವಷ್ಟು ತೆಳು ನೀರಿಗೂ ಏರುತ್ತವೆ. ಆ ದಿನ ಗಾಳ ಮನೆಯಲ್ಲಿರಲಿ. ದಂಡೆಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.