ಮರ್ಲ್ ಓಬೆರಾನ್ ಹುಟ್ಟಿದ ಊರು

1935ರ ‘ದಿ ಡಾರ್ಕ್ ಏಂಜೆಲ್’ ಚಿತ್ರದ ಅಭಿನಯಕ್ಕಾಗಿ ಆಸ್ಕರ್ ನಾಮನಿರ್ದೇಶನವನ್ನು ಪಡೆದು, 1939ರ ‘ವದರಿಂಗ್ ಹೈಟ್ಸ್’ ಚಿತ್ರದಲ್ಲಿ ಲಾರೆನ್ಸ್ ಒಲಿವಿಯರನ ಎದುರು ನಾಯಿಕೆಯಾಗಿ ಮೆರೆದ ಮರ್ಲ್ ಓಬೆರಾನ್ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದಲ್ಲಿ ಜನಿಸಿದಳೆಂದೂ, ಆಕೆಯ ಜನನದ ದಾಖಲೆಗಳು ಅಗ್ನಿಗೆ ಆಹುತಿಯಾದುವೆಂದೂ ಲೋಕವು ದಶಕಗಳ ಕಾಲ ನಂಬಿಕೊಂಡಿತ್ತು. ಎಂತಹ ಅನುಕೂಲಸಿಂಧುವಾದ ಬೆಂಕಿ! ದಾಖಲೆ ಸುಟ್ಟುಹೋಯಿತೆಂಬ ಮಾತು ಬಂದೊಡನೆಯೇ ಶೋಧಕನಾದವನು ಕಿವಿ ನಿಮಿರಿಸತಕ್ಕದ್ದು.

ಒಂದನ್ನೊಂದು ನೋಡಿ ಬರೆದ ನೂರು ಪತ್ರಿಕಾಲೇಖನಗಳು ನೂರು ಸಾಕ್ಷಿಗಳಾಗಲಾರವು. ಅವುಗಳ ಮೂಲ ಒಂದೇ, ಚಿತ್ರಸಂಸ್ಥೆಯ ಪ್ರಚಾರ. ನಿಜವಾದ ಸಾಕ್ಷ್ಯವು ದೊರೆತದ್ದು ಮುಂಬಯಿಯ ಸರ್ಕಾರಿ ಕಡತಗಳಲ್ಲಿ. ಆಕೆ 1911ರಲ್ಲಿ ಅದೇ ನಗರದಲ್ಲಿ ಜನಿಸಿದ ಆಂಗ್ಲೋ-ಇಂಡಿಯನ್ ಮಗು. ಆ ಜನನಪತ್ರವನ್ನು ಹುಡುಕಿ ತೆಗೆದವನು ತನ್ನನ್ನು ಆಕೆಯ ಅಕ್ಕನ ಮಗನೆಂದೇ ತಿಳಿದಿದ್ದನು. ಆದರೆ ತಾಯಿಯ ಹೆಸರಿನ ಸ್ಥಾನದಲ್ಲಿ ಬರೆದಿದ್ದುದು, ಆಕೆಯನ್ನು ಸಾಕಿ ಬೆಳೆಸಿದ ಷಾರ್ಲೆಟಳ ಹೆಸರಲ್ಲ, ಅಕ್ಕನೆನಿಸಿಕೊಂಡಿದ್ದ ಕಾನ್‌ಸ್ಟೆನ್ಸಳದು, ಎಂದರೆ ಅವನ ಹೆತ್ತ ತಾಯಿಯದೇ! ಚಿಕ್ಕಮ್ಮನೆಂದುಕೊಂಡವಳು ಒಡಹುಟ್ಟಿದವಳಾದಳು.

ಮರ್ಲಳನ್ನು ಸುಳ್ಳುಗಾತಿಯೆಂದು ಹಳಿಯಲು ನನಗೆ ಮನಸ್ಸೊಪ್ಪದು. ಮಿಶ್ರವರ್ಣದ ಹೆಣ್ಣೆಂದು ತಿಳಿದಿದ್ದರೆ ಅಂದಿನ ಹಾಲಿವುಡ್ ಆಕೆಗೆ ನಾಯಿಕೆಯ ಪಾತ್ರವನ್ನು ಕೊಡುತ್ತಿರಲಿಲ್ಲ. 1978ರಲ್ಲಿ ಟ್ಯಾಸ್ಮೇನಿಯಾದ ರಾಜಧಾನಿ ಹೋಬಾರ್ಟ್ ತನ್ನ ಊರಿನ ಮಗಳೆಂದು ಆಕೆಗೆ ಸತ್ಕಾರವನ್ನೇರ್ಪಡಿಸಿತು. ಮರುವರ್ಷವೇ ಆಕೆ ತೀರಿಕೊಂಡಳು. 1983ರಲ್ಲಿ ಹೊರಬಂದ ಜೀವನಚರಿತ್ರೆಯು ಮುಂಬಯಿಯ ಮೂಲವನ್ನು ಬಯಲಿಗೆಳೆಯಿತು. ಆದರೂ ಆಕೆ ತಮ್ಮವಳೇ ಎಂದು ಪಟ್ಟುಹಿಡಿದ ಟ್ಯಾಸ್ಮೇನಿಯನ್ನರು ಆಮೇಲೆಯೂ ಇದ್ದರು.