ಎಡೆದೊರೆಯ ನೀರಿನ ಮೇಲೆ ಆಟದ ಜಲವಿಮಾನ

ದೋಆಬ್ ಎಂಬುದು ಪಾರಸಿಯ ಮಾತು. ಎರಡು ನೀರುಗಳ ನಡುನಾಡು ಎಂದು ಅದರ ಅರ್ಥ. ನಮ್ಮ ಶಾಸನಗಳು ಈ ಸೀಮೆಯನ್ನು ಎಡೆದೊರೆ ನಾಡೆಂದು ಕರೆದಿವೆ. ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ. ಹೆಸರಿನಲ್ಲಿಯೇ ನೀರನ್ನು ಹೊತ್ತ ಈ ನಾಡಿನಲ್ಲಿ ಒಂದು ಆಟದ ವಿಮಾನವನ್ನು ನೀರಿಗಿಳಿಸಲು ಎಲ್ಲಿ ಅಪ್ಪಣೆಯುಂಟೆಂಬ ಪ್ರಶ್ನೆ ಇಷ್ಟು ತೊಡಕಿನದಾದೀತೆಂದು ನಾನು ಎಣಿಸಿರಲಿಲ್ಲ.

ವ್ಯಾಕರಣ ಛಂದಸ್ಸುಗಳನ್ನು ಕಲಿಸುವವನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮೂವರು ಹುಡುಗರು ಥರ್ಮಾಕೋಲಿನಿಂದ ಮಾಡಿದ, ರೇಡಿಯೋ ಅಲೆಗಳಿಂದ ನಡೆಯುವ ಜಲವಿಮಾನವೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ಅಪ್ಪಣೆಗಾಗಿ ವಿನಂತಿಪತ್ರವೊಂದನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡಬೇಕೆಂದು ಅವರ ಬೇಡಿಕೆ. ಯಾರಿಗೆ ಬರೆಯಬೇಕೆಂದು ಕೇಳಿದೆ. ಅದು ಅವರಿಗೂ ತಿಳಿದಿರಲಿಲ್ಲ. ಅದಕ್ಕೆ ಮುನ್ನವೇ ಅವರು ಯಾರನ್ನೂ ಕೇಳದೆ ಒಂದು ಕೆರೆಯಲ್ಲಿ ಹಾರಿಸಿ, ಮೀನುಗಾರರೊಬ್ಬರ ಬಲೆಗೆ ವಿಮಾನವನ್ನು ಸಿಕ್ಕಿಸಿದ್ದರೆಂಬುದು ಆಮೇಲೆ ತಿಳಿಯಿತು. ಬಲೆ ಹರಿದಿತ್ತು. "ನಿಮಗ ಇದು ಆಟ, ನಮಗ ಹೊಟ್ಟಿಪಾಡು" ಎಂದಷ್ಟೇ ಆತ ಹೇಳಿದನಂತೆ. ಬಲೆಯ ಬೆಲೆಯನ್ನು ತುಂಬಿಕೊಟ್ಟೆವು. ಮಾತಿಗೆ ಉತ್ತರ ಕೊಡುವುದು ಮಾತ್ರ ಉಳಿಯಿತು.

ನೀರಿನಿಂದೇಳುವ ವಿಮಾನ ಹೊಸದಲ್ಲ. 1910ರ ಮಾರ್ಚ್ 28ರಂದು ಫ್ರಾನ್ಸಿನ ಆನ್ರಿ ಫಾಬ್ರ್ ಎಂಬಾತನು ಇಂಜಿನ್ನುಳ್ಳ ಜಲವಿಮಾನವನ್ನು ಮೊದಲ ಬಾರಿಗೆ ನೀರಿನಿಂದ ಮೇಲೆತ್ತಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ದುರಸ್ತಿಗೆಂದು ಬಂದ ಕ್ಯಾಟಲಿನಾ ಜಲವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. ಕನ್ನಡ ನಾಡಿನ ಕೆರೆಗೆ ಈ ಅತಿಥಿ ಅಪರಿಚಿತನೇನೂ ಅಲ್ಲ.

ಇದರ ರಚನೆಯಲ್ಲೊಂದು ಸ್ವಾರಸ್ಯವುಂಟು. ಗಾಲಿಗಳ ಬದಲು ಎರಡು ತೇಲುದೋಣಿಗಳು. ದೋಣಿಯ ತಳದಲ್ಲಿ, ವಿಮಾನದ ತೂಕದ ಕೇಂದ್ರಕ್ಕೆ ತುಸು ಹಿಂದೆ, ಮೆಟ್ಟಿಲಿನಂಥ ಒಂದು ಕಡಿತ. ನೀರು ತಳಕ್ಕೆ ಅಂಟಿಕೊಂಡು ಜಗ್ಗುವ ಗುಣವುಳ್ಳದ್ದು. ವೇಗ ಹೆಚ್ಚಿದಾಗ ಮೆಟ್ಟಿಲಿನ ಹಿಂಬದಿಗೆ ಗಾಳಿ ಹೊಕ್ಕು ಆ ಅಂಟನ್ನು ಬಿಡಿಸುತ್ತದೆ; ವಿಮಾನವು ನೀರಿನ ಮೈಮೇಲೆ ಜಾರುತ್ತ ಮೇಲೇಳುತ್ತದೆ. ಇದಕ್ಕೆ ಬ್ರೇಕು ಇಲ್ಲ. ನಿಂತಲ್ಲಿ ನಿಲ್ಲದೆ ಗಾಳಿಗೆ ಮುಖಮಾಡಿ ತಿರುಗಿಬಿಡುತ್ತದೆ. ಆದುದರಿಂದ ಗಾಳಿಯ ದಿಕ್ಕಿನಲ್ಲಿ ಉದ್ದವಾದ, ಅಂತರಗಂಗೆಯಿಲ್ಲದ ತಿಳಿನೀರು ಬೇಕು. ಇಂದಿನ ಆಟದ ವಿಮಾನಗಳನ್ನು ನಡೆಸುವ 2.4 ಗಿಗಾಹರ್ಟ್ಸ್ ಅಲೆಗಳು ನೀರನ್ನು ಭೇದಿಸಲಾರವು. ಒಳಗಿನ ಗ್ರಾಹಕಯಂತ್ರ ಮುಳುಗಿತೆಂದರೆ ವಿಮಾನವು ಕೈಮೀರಿದಂತೆಯೇ. ಕೋಡಿ, ತೂಬುಗಳ ಸೆಳವಿನಿಂದ ದೂರವಿರಬೇಕೆನ್ನುವುದು ಇದಕ್ಕಾಗಿ.

ಇನ್ನು ಅಪ್ಪಣೆಯ ಮಾತು. ಇದರಲ್ಲಿ ಆಕಾಶ ಬೇರೆ, ನೀರು ಬೇರೆ. ಹುಡುಗರು ಎಡವಿದ್ದು ಇಲ್ಲಿಯೇ.

ಆಕಾಶಕ್ಕೆ ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳು. ಹಸಿರಿನಲ್ಲಿ 120 ಮೀಟರ್ ಎತ್ತರದವರೆಗೆ ಅಪ್ಪಣೆ ಬೇಡ. ನಡೆಯುತ್ತಿರುವ ವಿಮಾನ ನಿಲ್ದಾಣದ ಮೇರೆಯಿಂದ 8ರಿಂದ 12 ಕಿಲೋಮೀಟರ್ ನಡುವೆ ಈ ಮಿತಿ 60 ಮೀಟರಿಗೆ ಇಳಿಯುತ್ತದೆ. ಹಳದಿಗೆ ವಿಮಾನ ಸಂಚಾರ ನಿಯಂತ್ರಕರ, ಕೆಂಪಿಗೆ ಕೇಂದ್ರ ಸರ್ಕಾರದ ಅಪ್ಪಣೆ ಬೇಕು. 2 ಕಿಲೋಗ್ರಾಂವರೆಗಿನದನ್ನು ವ್ಯಾಪಾರೇತರವಾಗಿ ಹಾರಿಸುವವರಿಗೆ ಚಾಲಕ ಪ್ರಮಾಣಪತ್ರ ಬೇಡ. ಕಣ್ಣಳತೆಯಲ್ಲಿಯೇ ಕಲಿಕೆಗೆ, ವಿನೋದಕ್ಕೆ ಹಾರಿಸುವ 25 ಕಿಲೋಗ್ರಾಂವರೆಗಿನ ಮಾದರಿಗಳಿಗೆ ಮಾದರಿ-ಪ್ರಮಾಣೀಕರಣದಿಂದ ವಿನಾಯಿತಿಯುಂಟು. ಆದರೆ ನೋಂದಣಿಯ ಹೊಣೆ ಅದರಿಂದ ತಪ್ಪುವುದಿಲ್ಲ. ಯರಮರಸ್ ಬಳಿ ವಿಮಾನ ನಿಲ್ದಾಣದ ಯೋಜನೆಯಿರುವುದರಿಂದ ರಾಯಚೂರಿನವರು ಒಮ್ಮೆ ನೋಡಿದ ನಕ್ಷೆಯನ್ನೇ ನಂಬಿ ಕೂಡದೆ, ಹಾರಿಸುವ ದಿನವೇ ನೋಡಬೇಕು. ಪೊಲೀಸ್ ವರಿಷ್ಠಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗಳು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವನ್ನು ಸಾರಬಲ್ಲರು. ಶಕ್ತಿನಗರ, ಯರಮರಸ್ ವಿದ್ಯುತ್ ಸ್ಥಾವರಗಳ ಸಮೀಪಕ್ಕೆ ಹೋಗದಿರುವುದೇ ಲೇಸು.

ನಕ್ಷೆ ಹಸಿರಾಗಿದ್ದ ಮಾತ್ರಕ್ಕೆ ಕೆಳಗಿನ ನೀರು ನಮ್ಮದಾಗದು. ಚಿಕ್ಕ ಕೆರೆಗಳನ್ನು ಪಂಚಾಯಿತಿ, ದೊಡ್ಡವನ್ನು ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತವೆ. ನಾರಾಯಣಪುರ ಬಲದಂಡೆ ಕಾಲುವೆಯ ವ್ಯವಸ್ಥೆ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಇವುಗಳ ಮೇಲೆ ಮೀನಿನ ಗುತ್ತಿಗೆಯೊಂದು ಬೇರೆ. ಗುತ್ತಿಗೆದಾರನ ಒಪ್ಪಿಗೆಯನ್ನು ಯಾವ ಕಾಯಿದೆಯಾದರೂ ಕೇಳಲಿ ಬಿಡಲಿ, ಮೊದಲು ಪಡೆಯಬೇಕಾದುದು ಅದೇ ಎಂಬುದು ನನ್ನ ಮತ.

ಜಾಗಗಳನ್ನು ನೋಡಿದರೆ, ರಾಯಚೂರಿನ ಮಾವಿನಕೆರೆ ಊರ ನಡುವಿನದು. ಜನರ ತಲೆಯ ಮೇಲೆ ಹಾರಿಸುವುದು ಆಟವಲ್ಲ. ರಾಂಪುರ ಜಲಾಶಯವು ನಗರದ ಕುಡಿಯುವ ನೀರು. ಬ್ಯಾಟರಿ ಹೊತ್ತ ವಸ್ತುವಿಗೆ ಅಲ್ಲಿ ಎಡೆಯಿಲ್ಲ. ದೇವದುರ್ಗದ ಕಡೆ ಗೂಗಲ್ ಬ್ಯಾರೇಜಿನ ಮೇಲ್ಭಾಗದ ಕೃಷ್ಣೆ ಕಣ್ಣಿಗೆ ಹಬ್ಬವೆನಿಸಿದರೂ ಗೇಟುಗಳ ಸೆಳವಿದೆ. ಅದಕ್ಕಿಂತ ಹೆಚ್ಚಾಗಿ ಈ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ. ಬಿದ್ದ ವಿಮಾನಕ್ಕಾಗಿ ಯಾವ ಹುಡುಗನೂ ನೀರಿಗೆ ಧುಮುಕಕೂಡದು. ಹರಿಗೋಲು, ಅದನ್ನು ಬಲ್ಲ ಅಂಬಿಗ, ಇವರಿಲ್ಲದೆ ಹಾರಿಸುವುದೇ ಬೇಡ. ವಿಮಾನ ಹೋದರೆ ಹೋಗಲಿ. ಮಾನ್ವಿ ತಾಲ್ಲೂಕಿನ ರಾಜೋಳಿಬಂಡೆಯ ಅಣೆಕಟ್ಟೆಯಲ್ಲಿಯೂ ಸೆಳವಿನ ಭಯವುಂಟು. ಅಲ್ಲದೆ ಎದುರು ದಡ ಆಂಧ್ರದ್ದು, ಈ ದಡದವರ ಒಪ್ಪಿಗೆ ಆ ದಡಕ್ಕೆ ಸಲ್ಲದು. ಕೃಷಿಹೊಂಡಗಳನ್ನು ಹುಡುಗರು ಸೂಚಿಸಿದರು. 21 ಮೀಟರ್ ಚದರದ ಹೊಂಡವೂ ಇದಕ್ಕೆ ಸಾಲದು; ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಕಾಲಿಟ್ಟವನು ಜಾರಿದರೆ ಮೇಲೆ ಬರುವುದು ಕಷ್ಟ.

ಉಳಿದದ್ದು ಮಾನ್ವಿಯ ಭತ್ತದ ಗದ್ದೆ. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ, ನಾಟಿಗೆ ಮುನ್ನ, ಕೆಸರು ಮಾಡಿದ ಮಡಿಯಲ್ಲಿ ಗೇಣುದ್ದಕ್ಕಿಂತ ಕಡಿಮೆ ನೀರು ನಿಲ್ಲುತ್ತದೆ. ಹಗುರವಾದ ವಿಮಾನಕ್ಕೆ ಅಷ್ಟೇ ಸಾಕು; ಮುಳುಗುವ ಭಯವಿಲ್ಲ, ಬಲೆಯಿಲ್ಲ, ಕೇಳಬೇಕಾದವನು ಒಬ್ಬನೇ ರೈತ. ಬದುಗಳು ಅಡ್ಡವಾಗದ ಅಗಲ ಮಡಿ ಮಾತ್ರ ಬೇಕು. ಮುಂಗಾರಿನ ಗಾಳಿ ಹಗಲೇರಿದಂತೆ ಬಿರುಸಾಗುವುದರಿಂದ ಮುಂಜಾವವೇ ಪ್ರಶಸ್ತ.

ವಿನಂತಿಪತ್ರವನ್ನು ಹುಡುಗರೇ ಬರೆದರು. ನಾನು ಎರಡು ಕಾಗುಣಿತ ತಿದ್ದಿದೆ. ಅದರ ಮೊದಲ ಪ್ರತಿಯನ್ನು ಬಲೆ ಹರಿದುಕೊಂಡ ಆ ಮೀನುಗಾರನಿಗೆ ಓದಿ ಹೇಳಿ ಬಂದಿದ್ದಾರೆ. ಮಾನ್ವಿ ಭಾಗದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಾಟಿಗೆ ಮುನ್ನ ಒಂದು ಮಡಿಯನ್ನು ಒಂದು ಮುಂಜಾವಿನ ಮಟ್ಟಿಗೆ ಬಿಟ್ಟುಕೊಡುವವರಿದ್ದರೆ, ನಮ್ಮ ವಿಜ್ಞಾನ ಅಧ್ಯಾಪಕರಿಗೆ ದಯವಿಟ್ಟು ತಿಳಿಸಬೇಕಾಗಿ ಪ್ರಾರ್ಥನೆ.